ಸಕ್ಕರೆ ಕಾಯಿಲೆ ಇದ್ದವರಿಗೆ ಆಪರೇಷನ್: ಮುಚ್ಚಿಡಬೇಡಿ, ಹೇಳಿ



ಸಕ್ಕರೆ ಕಾಯಿಲೆ ಪೇಟೆಯವರ ಕಾಯಿಲೆ, ಶ್ರೀಮಂತರ ಕಾಯಿಲೆ ಎಂದು ಒಂದು ಕಾಲದಲ್ಲಿ ಹೇಳುತ್ತಿದ್ದರು. ಈಗ ಹಾಗಿಲ್ಲ. ಹೊಲದಲ್ಲಿ ದುಡಿಯುವವರಿಗೂ ಇದೆ. ಬೀಡಿ ಕಟ್ಟುವವರಿಗೂ ಇದೆ. ಗಾರೆ ಕೆಲಸದವರಿಗೂ ಇದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ತುಂಬಾ ಒಂದು ಸಮೀಕ್ಷೆ ಮಾಡಿಸಿತು. ಅದರ ವರದಿ 2023ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಆ ವರದಿ ಹೇಳುತ್ತದೆ. ಅಂದರೆ 20 ವರ್ಷ ದಾಟಿದ ಸುಮಾರು 9 ಜನರಲ್ಲಿ ಒಬ್ಬರಿಗೆ. ನಿಮ್ಮ ಬೀದಿಯಲ್ಲೇ ಎಷ್ಟು ಜನ ಇರಬಹುದು, ಲೆಕ್ಕ ಹಾಕಿ ನೋಡಿ.

ಇವರಿಗೂ ಒಂದಲ್ಲ ಒಂದು ದಿನ ಆಪರೇಷನ್ ಬೇಕಾಗಬಹುದು. ಒಬ್ಬರಿಗೆ ಕಣ್ಣಿನ ಪೊರೆ. ಇನ್ನೊಬ್ಬರಿಗೆ ಗರ್ಭಕೋಶದ ತೊಂದರೆ. ಮತ್ತೊಬ್ಬರಿಗೆ ಹರ್ನಿಯಾ. ಬಿದ್ದು ಮೂಳೆ ಮುರಿದುಕೊಂಡವರು ಇರುತ್ತಾರೆ. ಕಾಲಿನ ಹುಣ್ಣು ಕೊಳೆತವರು ಇರುತ್ತಾರೆ. ಹೆರಿಗೆಗೆ ಸಿಸೇರಿಯನ್ ಬೇಕಾದವರೂ ಇರುತ್ತಾರೆ.

ಸಕ್ಕರೆ ಕಾಯಿಲೆ ಇದ್ದವರು ಆಪರೇಷನ್ ಮಾಡಿಸಿಕೊಳ್ಳಬಹುದೇ? ಮಾಡಿಸಿಕೊಳ್ಳಬಹುದು. ಆದರೆ ಸಕ್ಕರೆ ಹತೋಟಿಯಲ್ಲಿ ಇರಬೇಕು. ಅದಕ್ಕಿಂತ ಮೊದಲು, ಕಾಯಿಲೆ ಇದೆ ಎಂಬ ವಿಷಯ ಡಾಕ್ಟರಿಗೆ ಗೊತ್ತಿರಬೇಕು. ಈ ಪಾಠದಲ್ಲಿ ಇದನ್ನೇ ತಿಳಿದುಕೊಳ್ಳೋಣ.

ಒಂದು ಮನೆಯ ಮಾತು

ಅತ್ತೆಗೆ 52 ವರ್ಷ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಗರ್ಭಕೋಶದ ಆಪರೇಷನ್ ಮಾಡಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ನಾಳೆ ಬೆಳಿಗ್ಗೆ ಪರೀಕ್ಷೆಗೆ ಹೋಗಬೇಕು. ಸೊಸೆ ಚೀಲ ಜೋಡಿಸುತ್ತಿದ್ದಾಳೆ.

ಸೊಸೆ: ಅತ್ತೆ, ನಿಮ್ಮ ಶುಗರ್ ಗುಳಿಗೆ ಎಲ್ಲಿವೆ? ಚೀಲಕ್ಕೆ ಹಾಕ್ತೀನಿ.

ಅತ್ತೆ: ಅದೇನೂ ಬೇಡ ಬಿಡಮ್ಮ. ಅಲ್ಲೇ ಗೂಡಿನಲ್ಲಿ ಇರಲಿ.

ಸೊಸೆ: ಯಾಕತ್ತೆ?

ಅತ್ತೆ: ಶುಗರ್ ಇದೆ ಅಂತ ಗೊತ್ತಾದ್ರೆ ಆಪರೇಷನ್ ಮಾಡೋದಿಲ್ವಂತೆ. ವಾಪಸ್ ಕಳಿಸ್ತಾರಂತೆ. ಪಕ್ಕದ ಮನೆ ದೊಡ್ಡಮ್ಮ ಹೇಳಿದ್ರು. ನೀನೂ ಬಾಯಿ ಬಿಡಬೇಡ.

ಸೊಸೆ: ಅಯ್ಯೋ, ಅವರು ರಕ್ತ ತೆಗೆದು ನೋಡಿದ್ರೆ ಗೊತ್ತಾಗಲ್ವಾ?

ಅತ್ತೆ: ನಾನು ಎರಡು ದಿನದಿಂದ ಸರಿಯಾಗಿ ಊಟಾನೇ ಮಾಡಿಲ್ಲ ಕಣೆ. ಶುಗರ್ ಕಮ್ಮಿ ಬರುತ್ತೆ ಬಿಡು.

ಸೊಸೆ: ಹಾಗಾದ್ರೆ ಗುಳಿಗೆ?

ಅತ್ತೆ: ಗುಳಿಗೆ ಎರಡೆರಡು ನುಂಗಿದೀನಿ.

ಸೊಸೆ ಗಾಬರಿಯಾದಳು. ಅತ್ತೆಯ ಕೈ ಮುಟ್ಟಿ ನೋಡಿದಳು. ಕೈ ತಣ್ಣಗಿತ್ತು. ಬೆವರಿತ್ತು. ಸಣ್ಣಗೆ ನಡುಗುತ್ತಿತ್ತು. ಕೂಡಲೇ ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಹಾಕಿ ಕದಡಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಅತ್ತೆಗೆ ಹಾಯ್ ಎನಿಸಿತು. ಆಮೇಲೆ ಊಟ ಬಡಿಸಿದಳು.

ಅತ್ತೆ ಮಾಡಿದ್ದು ಸರಿಯೇ? ಊಟ ಬಿಟ್ಟು ಗುಳಿಗೆ ಜಾಸ್ತಿ ನುಂಗಿದರೆ ರಕ್ತದ ಸಕ್ಕರೆ ತೀರಾ ಇಳಿಯಬಹುದು. ಎಚ್ಚರ ತಪ್ಪಬಹುದು. ಆಪರೇಷನ್ನಿಗೆ ಹೆದರಿ ಮಾಡಿದ ಕೆಲಸ ಜೀವಕ್ಕೇ ಅಪಾಯ ತರುತ್ತದೆ.

ಹಳೆಯ ಹೆದರಿಕೆ ಎಲ್ಲಿಂದ ಬಂತು?

ದೊಡ್ಡಮ್ಮ ಹೇಳಿದ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಸುಮಾರು ನೂರು ವರ್ಷದ ಹಿಂದೆ ಸಕ್ಕರೆ ಕಾಯಿಲೆಗೆ ಒಳ್ಳೆಯ ಔಷಧಿ ಇರಲಿಲ್ಲ. ಆಪರೇಷನ್ ಮಾಡಿದರೆ ಗಾಯ ಮಾಯುತ್ತಿರಲಿಲ್ಲ. ಕೀವು ತುಂಬುತ್ತಿತ್ತು. ಎಷ್ಟೋ ಜನ ಸಾಯುತ್ತಿದ್ದರು. ಅದಕ್ಕೆ ಡಾಕ್ಟರುಗಳೇ ಹಿಂಜರಿಯುತ್ತಿದ್ದರು.

ಆಮೇಲೆ ಇನ್ಸುಲಿನ್ ಬಂತು. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಫ್ರೆಡ್ರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಎಂಬುವರು ಇದರ ಮೇಲೆ ಕೆಲಸ ಮಾಡಿದರು. 1922ರ ಜನವರಿಯಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಇನ್ಸುಲಿನ್ ಕೊಟ್ಟರು. ಸಾಯುವ ಸ್ಥಿತಿಯಲ್ಲಿದ್ದ ಹುಡುಗ ಚೇತರಿಸಿಕೊಂಡ. ಇನ್ನೂ 13 ವರ್ಷ ಬದುಕಿದ.

ಪ್ರತಿ ವರ್ಷ ನವೆಂಬರ್ 14 ವಿಶ್ವ ಮಧುಮೇಹ ದಿನ. ಅದು ಬ್ಯಾಂಟಿಂಗ್ ಹುಟ್ಟಿದ ದಿನ. ಮಧುಮೇಹ ಎಂದರೆ ಸಕ್ಕರೆ ಕಾಯಿಲೆಯೇ.

ಇನ್ಸುಲಿನ್ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಇಂದು ಸಕ್ಕರೆ ಕಾಯಿಲೆ ಇದ್ದವರಿಗೂ ಹೃದಯದ ಆಪರೇಷನ್ ಆಗುತ್ತದೆ. ಕಣ್ಣಿನ ಆಪರೇಷನ್ ಆಗುತ್ತದೆ. ಕಾಲ ಬದಲಾಗಿದೆ. ಹೆದರಿಕೆ ಮಾತ್ರ ಹಳೆಯದೇ ಉಳಿದಿದೆ.

ಆಪರೇಷನ್ ವೇಳೆ ಸಕ್ಕರೆ ಏಕೆ ಏರುತ್ತದೆ?

ನಾವು ತಿಂದ ಅನ್ನ, ಮುದ್ದೆ, ರೊಟ್ಟಿ ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗುತ್ತದೆ. ಆ ಸಕ್ಕರೆ ರಕ್ತಕ್ಕೆ ಸೇರುತ್ತದೆ. ರಕ್ತದಿಂದ ಅದು ಮೈಯ ಎಲ್ಲ ಭಾಗಕ್ಕೂ ಹೋಗಬೇಕು. ಇನ್ಸುಲಿನ್ ಬಾಗಿಲು ತೆಗೆಯುವ ಕೀಲಿಯ ಹಾಗೆ. ಇನ್ಸುಲಿನ್ ಕಡಿಮೆಯಾದರೆ, ಅಥವಾ ಕೆಲಸ ಮಾಡದಿದ್ದರೆ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಇದೇ ಸಕ್ಕರೆ ಕಾಯಿಲೆ.

ಆಪರೇಷನ್ ಎಂದರೆ ಮೈಗೆ ಒಂದು ಪೆಟ್ಟು. ಪೆಟ್ಟು ಬಿದ್ದಾಗ ಮೈ ತನ್ನನ್ನು ಕಾಪಾಡಿಕೊಳ್ಳಲು ನೋಡುತ್ತದೆ. ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಅದೇ ಹೊತ್ತಿನಲ್ಲಿ ಇನ್ಸುಲಿನ್ ಕೆಲಸ ಕುಂಟುತ್ತದೆ. ಹಾಗಾಗಿ ಏನೂ ತಿನ್ನದೆ ಮಲಗಿದ್ದರೂ ಸಕ್ಕರೆ ಏರಬಹುದು. ನೋವು, ಭಯ, ಜ್ವರ, ಕೀವು ಇವೂ ಸಕ್ಕರೆಯನ್ನು ಏರಿಸುತ್ತವೆ.

ಸಕ್ಕರೆ ಏರಿದರೆ ಏನಾಗುತ್ತದೆ? ರಕ್ತದಲ್ಲಿ ಬಿಳಿ ಕಣಗಳು ಇವೆ. ಅವು ರೋಗದ ಕ್ರಿಮಿಗಳ ಜೊತೆ ಹೋರಾಡುತ್ತವೆ. ಸಕ್ಕರೆ ಜಾಸ್ತಿಯಾದಾಗ ಅವುಗಳ ಶಕ್ತಿ ಕುಗ್ಗುತ್ತದೆ. ಗಾಯಕ್ಕೆ ಕೀವು ಸೇರುತ್ತದೆ. ಹೊಲಿಗೆ ಬಿಚ್ಚಿಕೊಳ್ಳಬಹುದು. ಗಾಯ ಮಾಯಲು ವಾರಗಟ್ಟಲೆ ಹಿಡಿಯಬಹುದು.

ಎಷ್ಟಿದ್ದರೆ ಸರಿ?

100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಸಕ್ಕರೆ ಇದೆ ಎಂದು ಅಳೆಯುತ್ತಾರೆ. ಚೀಟಿಯಲ್ಲಿ ಬರೆದಿರುವ ಅಂಕಿ ಅದೇ. ಈ ಅಂಕಿಗಳನ್ನು ಓದಿ.

• ಬರೀ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ: ಸರಿಯಾಗಿದೆ.
• ಬರೀ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು: ಸಕ್ಕರೆ ಕಾಯಿಲೆ ಇರಬಹುದು. ಮತ್ತೊಮ್ಮೆ ಪರೀಕ್ಷೆ ಮಾಡಿ ಖಚಿತ ಮಾಡುತ್ತಾರೆ.
• 70ಕ್ಕಿಂತ ಕಡಿಮೆ: ಸಕ್ಕರೆ ಇಳಿದಿದೆ. ಅಪಾಯ.
• ಆಪರೇಷನ್ ಹೊತ್ತಿನಲ್ಲಿ 100ರಿಂದ 180ರ ಒಳಗೆ ಇರುವಂತೆ ಡಾಕ್ಟರು ಸಾಮಾನ್ಯವಾಗಿ ನೋಡಿಕೊಳ್ಳುತ್ತಾರೆ.

ಇನ್ನೊಂದು ಪರೀಕ್ಷೆ ಇದೆ. ಅದರ ಹೆಸರು ಎಚ್‌ಬಿಎ1ಸಿ. ಜನ ಇದನ್ನು ಮೂರು ತಿಂಗಳ ಶುಗರ್ ಪರೀಕ್ಷೆ ಎನ್ನುತ್ತಾರೆ. ಕಳೆದ ಎರಡು ಮೂರು ತಿಂಗಳು ಸಕ್ಕರೆ ಸರಾಸರಿ ಹೇಗಿತ್ತು ಎಂದು ಇದು ಹೇಳುತ್ತದೆ. ಎರಡು ದಿನ ಉಪವಾಸ ಮಾಡಿದರೆ ಈ ಅಂಕಿ ಇಳಿಯುವುದಿಲ್ಲ. ಇದು ಅಂಗಡಿಯ ಸಾಲದ ಪುಸ್ತಕ ಇದ್ದ ಹಾಗೆ. ಇವತ್ತು ಜೇಬಿನಲ್ಲಿ ಎಷ್ಟಿದೆ ಎಂದು ಅಲ್ಲ, ಮೂರು ತಿಂಗಳಲ್ಲಿ ಎಷ್ಟಾಯಿತು ಎಂದು ತೋರಿಸುತ್ತದೆ. ಮೊದಲೇ ದಿನ ಗೊತ್ತು ಮಾಡಿದ ಆಪರೇಷನ್ ಆದರೆ ಈ ಅಂಕಿ 8ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು.

ಇದರ ಜೊತೆ ಮೂತ್ರಪಿಂಡದ ಪರೀಕ್ಷೆ ಮಾಡುತ್ತಾರೆ. ಎದೆಯ ಇ.ಸಿ.ಜಿ. ತೆಗೆಯುತ್ತಾರೆ. "ನನಗೆ ಎದೆ ನೋವೇ ಇಲ್ಲ, ಇ.ಸಿ.ಜಿ. ಯಾಕೆ?" ಎಂದು ಕೆಲವರು ಕೇಳುತ್ತಾರೆ. ಸಕ್ಕರೆ ಕಾಯಿಲೆಯಿಂದ ನರಗಳು ಮಂಕಾಗುತ್ತವೆ. ಕಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಹಾಗೆಯೇ ಹೃದಯಕ್ಕೆ ತೊಂದರೆಯಾದರೂ ನೋವು ಕಾಣದೆ ಇರಬಹುದು. ಅದಕ್ಕೇ ಈ ಪರೀಕ್ಷೆ ಬೇಕು.

ಆಪರೇಷನ್ ಮುಂದಕ್ಕೆ ಹಾಕಿದರೆ?

ಮರುದಿನ ಅತ್ತೆ ಸೊಸೆ ಆಸ್ಪತ್ರೆಗೆ ಹೋದರು. ಸೊಸೆ ಎಲ್ಲವನ್ನೂ ಹೇಳಿದಳು. ಗುಳಿಗೆ ತೋರಿಸಿದಳು. ರಕ್ತ ಪರೀಕ್ಷೆ ಆಯಿತು. ಎಚ್‌ಬಿಎ1ಸಿ 10 ಬಂದಿತ್ತು.

ಡಾಕ್ಟರು: ಅಮ್ಮಾ, ನಿಮ್ಮ ಆಪರೇಷನ್ ಈ ವಾರ ಬೇಡ. ಮೊದಲು ಸಕ್ಕರೆ ಹತೋಟಿಗೆ ತರೋಣ.

ಅತ್ತೆ: ನೋಡ್ದಾ, ನಾನು ಹೇಳ್ಲಿಲ್ವಾ? ವಾಪಸ್ ಕಳಿಸ್ತಾ ಇದಾರೆ.

ಡಾಕ್ಟರು: ವಾಪಸ್ ಕಳಿಸ್ತಾ ಇಲ್ಲ ತಾಯಿ. ಮಳೆ ಬಾರದೆ ಬಿತ್ತನೆ ಮಾಡ್ತೀರಾ?

ಅತ್ತೆ: ಅದೆಂಗೆ ಮಾಡೋಕಾಗುತ್ತೆ? ಹದ ಬರಬೇಕು.

ಡಾಕ್ಟರು: ಇದೂ ಹಾಗೇ. ಮೈಗೆ ಹದ ಬರಲಿ. ಕೆಲವು ವಾರ ಇನ್ಸುಲಿನ್ ತಗೊಳ್ಳಿ. ಆಮೇಲೆ ಆಪರೇಷನ್ ಮಾಡ್ತೀವಿ. ಗಾಯ ಚೆನ್ನಾಗಿ ಮಾಯುತ್ತೆ.

ಅತ್ತೆ: ಇನ್ಸುಲಿನ್ ಶುರು ಮಾಡಿದ್ರೆ ಸಾಯೋವರೆಗೂ ಬಿಡೋ ಹಾಗಿಲ್ವಂತಲ್ಲ?

ಡಾಕ್ಟರು: ಎಲ್ಲರಿಗೂ ಹಾಗಲ್ಲ. ಗುಳಿಗೆ ನುಂಗೋರಿಗೆ ಆಪರೇಷನ್ ಸಮಯಕ್ಕೆ ಮಾತ್ರ ಇನ್ಸುಲಿನ್ ಕೊಡೋದು ಉಂಟು. ಆಮೇಲೆ ಬಹಳ ಜನ ಮತ್ತೆ ಗುಳಿಗೆಗೇ ಬರ್ತಾರೆ.

ಕಣ್ಣಿನ ಪೊರೆ, ಹರ್ನಿಯಾ, ಗರ್ಭಕೋಶ ಇಂಥ ಆಪರೇಷನ್‌ಗಳಿಗೆ ಸಾಮಾನ್ಯವಾಗಿ ಕೆಲವು ವಾರ ಕಾಯಬಹುದು. ಎಷ್ಟು ದಿನ ಕಾಯಬಹುದು ಎಂದು ಡಾಕ್ಟರು ಹೇಳುತ್ತಾರೆ.

ಎಲ್ಲ ಆಪರೇಷನ್ ಕಾಯುವುದಿಲ್ಲ. ಕರುಳು ಸಿಕ್ಕಿಕೊಂಡರೆ ಕಾಯಲು ಆಗದು. ಅಪಘಾತದಲ್ಲಿ ರಕ್ತ ಸುರಿಯುತ್ತಿದ್ದರೆ ಕಾಯಲು ಆಗದು. ಕಾಲಿನ ಹುಣ್ಣಿನಲ್ಲಿ ಕೀವು ತುಂಬಿದ್ದರೂ ಕಾಯಬಾರದು. "ಸಕ್ಕರೆ ಇಳಿಯಲಿ, ಆಮೇಲೆ ಆಸ್ಪತ್ರೆಗೆ ಹೋಗೋಣ" ಎಂದು ಮನೆಯಲ್ಲಿ ಕೂರಬೇಡಿ. ಕೀವು ಇರುವ ತನಕ ಸಕ್ಕರೆ ಇಳಿಯುವುದು ಕಷ್ಟ. ಕೀವು ತೆಗೆಯಬೇಕು, ಜೊತೆಗೇ ಇನ್ಸುಲಿನ್ ಕೊಡಬೇಕು. ತಡ ಮಾಡಿದರೆ ಬೆರಳು ಹೋಗುವಲ್ಲಿ ಪಾದ ಹೋಗುತ್ತದೆ. ಪಾದ ಹೋಗುವಲ್ಲಿ ಕಾಲು ಹೋಗುತ್ತದೆ.

ಗುಳಿಗೆ ನುಂಗಬೇಕೇ? ಬಿಡಬೇಕೇ?

ಆಪರೇಷನ್ ದಿನ ಬಹಳ ಜನ ತಪ್ಪುವುದು ಇಲ್ಲೇ. ಒಬ್ಬರು ಎಂದಿನಂತೆ ಎಲ್ಲ ಗುಳಿಗೆ ನುಂಗಿ ಬರುತ್ತಾರೆ. ಇನ್ನೊಬ್ಬರು ಒಂದು ವಾರದಿಂದ ಎಲ್ಲವನ್ನೂ ಬಿಟ್ಟು ಬರುತ್ತಾರೆ. ಎರಡೂ ತಪ್ಪು. ಒಂದೊಂದು ಔಷಧಿಗೆ ಒಂದೊಂದು ಲೆಕ್ಕ ಇದೆ.

ಗ್ಲಿಮೆಪಿರೈಡ್ ಎಂಬ ಗುಳಿಗೆ ಇದೆ. ಇದು ಮೈಯಲ್ಲಿ ಇನ್ಸುಲಿನ್ ಹೆಚ್ಚು ಬರುವಂತೆ ಮಾಡುತ್ತದೆ. ಇದನ್ನು ನುಂಗಿ ಉಪವಾಸ ಇದ್ದರೆ ಸಕ್ಕರೆ ತೀರಾ ಇಳಿಯುತ್ತದೆ. ಅದಕ್ಕೆ ಆಪರೇಷನ್ ದಿನ ಬೆಳಿಗ್ಗೆ ಇದು ಬೇಡ ಎನ್ನುತ್ತಾರೆ.

ಮೆಟ್‌ಫಾರ್ಮಿನ್ ಬಹಳ ಜನ ನುಂಗುವ ಗುಳಿಗೆ. ಇದನ್ನೂ ಸಾಮಾನ್ಯವಾಗಿ ಆಪರೇಷನ್ ದಿನ ನಿಲ್ಲಿಸುತ್ತಾರೆ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಗುಳಿಗೆಗಳಿವೆ. ಹೆಸರು ಉದ್ದ. ಕೊನೆಯ ಭಾಗವನ್ನು ಬಿಡಿಸಿ ಓದಿ: ಗ್ಲಿ-ಫ್ಲೋ-ಜಿನ್. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಇವನ್ನು ಆಪರೇಷನ್ನಿಗೆ 3 ಅಥವಾ 4 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ನಿಲ್ಲಿಸದೆ ಉಪವಾಸ ಇದ್ದರೆ ರಕ್ತ ಹುಳಿಯಾಗುವ ಅಪಾಯ ಇದೆ. ಆಗ ವಾಂತಿ, ಹೊಟ್ಟೆ ನೋವು, ಜೋರು ಉಸಿರಾಟ ಬರುತ್ತದೆ. ಮೋಸ ಏನೆಂದರೆ, ಆಗ ರಕ್ತದ ಸಕ್ಕರೆ ಅಷ್ಟೇನೂ ಏರಿರುವುದಿಲ್ಲ. ಆದ್ದರಿಂದ ಈ ಗುಳಿಗೆಯ ವಿಷಯ ಆಪರೇಷನ್ ದಿನ ಹೇಳಿದರೆ ಸಾಲದು. ದಿನ ಗೊತ್ತು ಮಾಡುವಾಗಲೇ ಹೇಳಬೇಕು.

ವಾರಕ್ಕೆ ಒಂದು ಸಲ ಚುಚ್ಚಿಕೊಳ್ಳುವ ಕೆಲವು ಇಂಜೆಕ್ಷನ್‌ಗಳೂ ಬಂದಿವೆ. ಅವುಗಳಿಂದ ತಿಂದದ್ದು ಹೊಟ್ಟೆಯಿಂದ ನಿಧಾನವಾಗಿ ಇಳಿಯುತ್ತದೆ. ಅದನ್ನೂ ಮೊದಲೇ ಹೇಳಿ.

ಇನ್ಸುಲಿನ್ ತೆಗೆದುಕೊಳ್ಳುವವರು ಏನು ಮಾಡಬೇಕು? ಊಟದ ಮುಂಚೆ ಹಾಕುವ ಇನ್ಸುಲಿನ್ ಊಟಕ್ಕೆ ಜೊತೆಗಾರ. ಊಟ ಇಲ್ಲದ ಹೊತ್ತಿನಲ್ಲಿ ಅದು ಬೇಡ. ಆದರೆ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಬೇರೆ. ಅದನ್ನು ಪೂರ್ತಿ ಬಿಡುವಂತಿಲ್ಲ. ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಮಾಡಿ ಕೊಡುತ್ತಾರೆ. ಎಷ್ಟು ಕಡಿಮೆ ಎಂದು ಡಾಕ್ಟರೇ ಹೇಳಬೇಕು. ಚಿಕ್ಕ ವಯಸ್ಸಿನಿಂದ ಇನ್ಸುಲಿನ್ ಮೇಲೆಯೇ ಇರುವವರು ಇದನ್ನು ಬಹಳ ಗಮನಿಸಬೇಕು. ಅವರ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ, ಅಥವಾ ತೀರಾ ಕಡಿಮೆ. ಒಂದು ದಿನ ಪೂರ್ತಿ ನಿಲ್ಲಿಸಿದರೂ ಪ್ರಾಣಾಪಾಯ.

ಹಾಗಲಕಾಯಿ ರಸ, ನಾಟಿ ಔಷಧಿ, ಪುಡಿ, ಕಷಾಯ ಏನೇ ತೆಗೆದುಕೊಳ್ಳುತ್ತಿದ್ದರೂ ಹೇಳಿ. ನಾಚಿಕೆ ಬೇಡ. ಬಿ.ಪಿ. ಗುಳಿಗೆ, ರಕ್ತ ತೆಳು ಮಾಡುವ ಗುಳಿಗೆ ಇದ್ದರೆ ಅದನ್ನೂ ಹೇಳಿ.

ಇಲ್ಲಿ ಬರೆದದ್ದು ತಿಳಿದುಕೊಳ್ಳಲು. ಇದನ್ನು ಓದಿ ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ. "ಯಾವುದು ನುಂಗಲಿ? ಯಾವುದು ಬಿಡಲಿ? ಯಾವತ್ತಿನಿಂದ?" ಈ ಮೂರು ಪ್ರಶ್ನೆಗಳನ್ನು ಡಾಕ್ಟರಿಗೆ ಕೇಳಿ. ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ.

ಉಪವಾಸ ಏಕೆ?

ಆಪರೇಷನ್ನಿಗೆ ಮುಂಚೆ ಹೊಟ್ಟೆ ಖಾಲಿ ಇರಬೇಕು. ಮತ್ತು ಬರುವ ಔಷಧಿ ಕೊಟ್ಟಾಗ ವಾಂತಿಯಾಗಬಹುದು. ಹೊಟ್ಟೆಯಲ್ಲಿ ಅನ್ನ ಇದ್ದರೆ ಅದು ಉಸಿರಿನ ದಾರಿಗೆ ನುಗ್ಗಬಹುದು. ಅದಕ್ಕಾಗಿ ಸಾಮಾನ್ಯವಾಗಿ 6 ಗಂಟೆ ಮೊದಲೇ ಊಟ ತಿಂಡಿ ನಿಲ್ಲಿಸಬೇಕು. ಬರೀ ನೀರನ್ನು 2 ಗಂಟೆ ಮೊದಲಿನ ತನಕ ಕುಡಿಯಲು ಬಿಡುತ್ತಾರೆ. ಕಾಫಿ, ಹಾಲು, ಮಜ್ಜಿಗೆ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಆಸ್ಪತ್ರೆಯವರು ಹೇಳಿದ ಹೊತ್ತನ್ನೇ ಪಾಲಿಸಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಉದ್ದ ಉಪವಾಸ ಒಳ್ಳೆಯದಲ್ಲ. ಅದಕ್ಕೆ ಅವರ ಆಪರೇಷನ್ ಬೆಳಿಗ್ಗೆ ಮೊದಲು ಮಾಡುವುದು ವಾಡಿಕೆ. "ನಮ್ಮವರಿಗೆ ಶುಗರ್ ಇದೆ. ಬೆಳಿಗ್ಗೆಯೇ ಮಾಡ್ತೀರಾ?" ಎಂದು ನೀವೂ ಕೇಳಬಹುದು. ಕೇಳುವುದರಲ್ಲಿ ತಪ್ಪಿಲ್ಲ.

ಸಕ್ಕರೆ ಇಳಿದರೆ ಗುರುತಿಸುವುದು ಹೇಗೆ?

ಮೈ ಬೆವರುತ್ತದೆ. ಕೈ ನಡುಗುತ್ತದೆ. ಎದೆ ಡವಡವ ಎನ್ನುತ್ತದೆ. ಹೊಟ್ಟೆ ಹಸಿದು ಸಂಕಟವಾಗುತ್ತದೆ. ಕಣ್ಣು ಮಂಜಾಗುತ್ತದೆ. ಮಾತು ತೊದಲುತ್ತದೆ. ಕೆಲವರು ಸುಮ್ಮಸುಮ್ಮನೆ ಸಿಟ್ಟಾಗುತ್ತಾರೆ.

ಆಸ್ಪತ್ರೆಯಲ್ಲಿ ಹೀಗಾದರೆ ತಕ್ಷಣ ಸಿಸ್ಟರನ್ನು ಕರೆಯಿರಿ. ಬೆರಳು ಚುಚ್ಚಿ ನೋಡುತ್ತಾರೆ. ಸಕ್ಕರೆ ಇಳಿದಿದ್ದರೆ ಗ್ಲೂಕೋಸ್ ಕೊಡುತ್ತಾರೆ. ಕದ್ದು ಬಿಸ್ಕತ್ತು ತಿನ್ನಿಸಬೇಡಿ. ತಿನ್ನಿಸಿದ್ದರೆ ಬಾಯಿಬಿಟ್ಟು ಹೇಳಿ.

ಮನೆಯಲ್ಲಿ ಹೀಗಾದರೆ ಅರ್ಧ ಲೋಟ ನೀರಿಗೆ ಮೂರು ಚಹಾ ಚಮಚ ಸಕ್ಕರೆ ಹಾಕಿ ಕುಡಿಸಿ. 15 ನಿಮಿಷ ನೋಡಿ. ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ. ಆಪರೇಷನ್ ದಿನವೇ ಹೀಗಾದರೂ ಸಕ್ಕರೆ ನೀರು ಕುಡಿಸಿ, ಆಸ್ಪತ್ರೆಗೆ ಹೋದ ಕೂಡಲೇ ತಿಳಿಸಿ. ಆಪರೇಷನ್ ಸ್ವಲ್ಪ ತಡವಾಗಬಹುದು. ಆಗಲಿ. ಜೀವ ದೊಡ್ಡದು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ವಾರ್ಡಿನಲ್ಲಿ ಕೇಳುವ ಪ್ರಶ್ನೆ

"ಶುಗರ್ ಇದ್ದವರಿಗೆ ಗ್ಲೂಕೋಸ್ ಬಾಟಲಿ ಹಾಕ್ತಾ ಇದಾರಲ್ಲ?" ಎಂದು ಕೆಲವರು ಜಗಳಕ್ಕೆ ನಿಲ್ಲುತ್ತಾರೆ. ಕೆಲವರು ಬಾಟಲಿಯನ್ನೇ ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಬಾರದು.

ತೂಗು ಹಾಕಿದ ಎಲ್ಲ ಬಾಟಲಿಯೂ ಗ್ಲೂಕೋಸ್ ಅಲ್ಲ. ಕೆಲವು ಉಪ್ಪಿನ ನೀರಿನ ಬಾಟಲಿಗಳು. ಗ್ಲೂಕೋಸ್ ಹಾಕಿದರೂ ಜೊತೆಗೆ ಇನ್ಸುಲಿನ್ ಕೊಡುತ್ತಾರೆ. ಊಟ ಇಲ್ಲದಾಗ ಮೈಗೆ ಸ್ವಲ್ಪ ಸಕ್ಕರೆ ಬೇಕೇ ಬೇಕು. ಆಗಾಗ ಬೆರಳು ಚುಚ್ಚಿ ನೋಡಿ, ಎಷ್ಟು ಬೇಕು ಎಂದು ತೀರ್ಮಾನ ಮಾಡುತ್ತಾರೆ. ಅನುಮಾನ ಇದ್ದರೆ ಸಿಸ್ಟರನ್ನು ಕೇಳಿ. ಬಾಟಲಿ ಮುಟ್ಟಬೇಡಿ.

ನೋಡಲು ಬರುವ ನೆಂಟರು ಬಾಳೆಹಣ್ಣು, ದ್ರಾಕ್ಷಿ, ಬ್ರೆಡ್ಡು, ಸಿಹಿ ಬಿಸ್ಕತ್ತು ತರುತ್ತಾರೆ. ಪ್ರೀತಿ ದೊಡ್ಡದು, ನಿಜ. ಆದರೆ ಡಾಕ್ಟರು ಹೇಳಿದ ಊಟವನ್ನೇ ಕೊಡಿ.

ಮನೆಗೆ ಬಂದ ಮೇಲೆ

ಮನೆಗೆ ಬಂದರೆ ಕೆಲಸ ಮುಗಿಯಲಿಲ್ಲ. ಹೊರಡುವ ಮುಂಚೆ ಕೇಳಿ: "ಇನ್ಸುಲಿನ್ ಎಷ್ಟು ದಿನ? ಹಳೆಯ ಗುಳಿಗೆ ಯಾವಾಗ ಶುರು ಮಾಡಬೇಕು?" ಹಳೆಯ ಗುಳಿಗೆ, ಹೊಸ ಗುಳಿಗೆ ಎರಡನ್ನೂ ಸೇರಿಸಿ ನುಂಗಬೇಡಿ.

ಗಾಯವನ್ನು ಒಣಗಿಸಿ ಇಡಿ. ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಅರಿಸಿನ, ಬೂದಿ, ಕಾಫಿ ಪುಡಿ, ಸೊಪ್ಪಿನ ರಸ ಯಾವುದನ್ನೂ ಹಚ್ಚಬೇಡಿ. ಗಾಯ ಕೆಂಪಾದರೆ, ಊದಿದರೆ, ಬಿಸಿಯಾದರೆ, ಕೀವು ಬಂದರೆ, ವಾಸನೆ ಬಂದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನರ ಮಂಕಾಗಿರುವವರಿಗೆ ನೋವು ಗೊತ್ತಾಗದು. ಆದ್ದರಿಂದ ನೋವಿಗೆ ಕಾಯಬೇಡಿ. ದಿನಾ ಕಣ್ಣಿಂದ ನೋಡಿ.

ಮಲಗಿಯೇ ಇರುವವರ ಹಿಮ್ಮಡಿ, ಸೊಂಟ ನೋಡುತ್ತಿರಿ. ಹಾಸಿಗೆ ಒತ್ತಿ ಹುಣ್ಣಾಗುತ್ತದೆ. ಡಾಕ್ಟರು ಒಪ್ಪಿದ ಕೂಡಲೇ ಮೆಲ್ಲಗೆ ನಡೆಸಿ. ಬೀಡಿ, ಸಿಗರೇಟು ಬಿಡಿಸಿ. ಹೊಗೆ ಸೇದಿದರೆ ಗಾಯಕ್ಕೆ ಸರಿಯಾಗಿ ರಕ್ತ ಹರಿಯುವುದಿಲ್ಲ.

ಗಾಯ ಮಾಯಲು ಪೌಷ್ಟಿಕ ಆಹಾರ ಬೇಕು. "ಶುಗರ್ ಇದೆ" ಎಂದು ಬರೀ ಗಂಜಿಯಲ್ಲಿ ಇಡಬೇಡಿ. ಬೇಳೆ, ಹೆಸರುಕಾಳು, ಮೊಟ್ಟೆ, ಮೀನು, ಸೊಪ್ಪು, ಮೊಸರು ಕೊಡಿ. ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳಿ ತಿನ್ನಬೇಕು. ರಾಗಿ ಮುದ್ದೆ ಎಷ್ಟು ತಿಂದರೂ ಸಕ್ಕರೆ ಏರದು ಎನ್ನುವುದು ತಪ್ಪು. ಮುದ್ದೆ ತಿನ್ನಿ, ಆದರೆ ಅಳತೆ ಇರಲಿ.

ನಿಮಗೆ ಗೊತ್ತೇ?

30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ. ಮತ್ತು ಸಕ್ಕರೆ ಪರೀಕ್ಷೆ ಉಚಿತ. ಕಾಯಿಲೆ ಇದ್ದದ್ದು ಆಪರೇಷನ್ ಟೇಬಲ್ಲಿನ ಹತ್ತಿರ ಹೋದಾಗಲೇ ಕೆಲವರಿಗೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಕಾಯುವುದು ಬೇಡ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಚೀಟಿ ಬರೆಯೋಣ

ಔಷಧಿಯ ಹೆಸರು ಗುಳಿಗೆಯ ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಇರುತ್ತದೆ. ಔಷಧಿ ಅಂಗಡಿಯವರನ್ನು ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ ಕನ್ನಡದಲ್ಲಿ ಬರೆದುಕೊಳ್ಳಿ. ಹೆಸರಿರುವ ತುದಿಯನ್ನು ಕತ್ತರಿಸಿ ಬಿಸಾಡಬೇಡಿ. ಖಾಲಿ ಹಾಳೆಯನ್ನೂ ಜೊತೆಗೆ ತನ್ನಿ. "ಬಿಳಿ ಗುಳಿಗೆ, ಉದ್ದ ಗುಳಿಗೆ" ಎಂದರೆ ಯಾರಿಗೂ ತಿಳಿಯುವುದಿಲ್ಲ. ಬಿಳಿ ಗುಳಿಗೆ ಸಾವಿರ ಇವೆ.

ಸೊಸೆ ಬರೆದ ಚೀಟಿ ಹೀಗಿತ್ತು:

ವಯಸ್ಸು: 52
ಸಕ್ಕರೆ ಕಾಯಿಲೆ: 8 ವರ್ಷದಿಂದ
ಗುಳಿಗೆ 1: ಮೆಟ್‌ಫಾರ್ಮಿನ್ 500, ಬೆಳಿಗ್ಗೆ 1, ರಾತ್ರಿ 1
ಗುಳಿಗೆ 2: ಗ್ಲಿಮೆಪಿರೈಡ್ 1, ಬೆಳಿಗ್ಗೆ ಊಟಕ್ಕೆ ಮುಂಚೆ
ಇನ್ಸುಲಿನ್: ಇಲ್ಲ
ಬಿ.ಪಿ.: ಇಲ್ಲ
ನಾಟಿ ಔಷಧಿ: ಹಾಗಲಕಾಯಿ ರಸ, ವಾರಕ್ಕೆ ಎರಡು ಸಲ
ಆಗದ ಔಷಧಿ: ಗೊತ್ತಿಲ್ಲ
ಸಕ್ಕರೆ ಇಳಿದದ್ದು: ನಿನ್ನೆ ರಾತ್ರಿ. ಗುಳಿಗೆ ಎರಡೆರಡು ನುಂಗಿದ್ದರು.

ಕೊನೆಯ ಸಾಲನ್ನು ಬರೆಯಬೇಡ ಎಂದು ಅತ್ತೆ ಹೇಳಿದ್ದರು. ಸೊಸೆ ಬರೆದಳು. ಡಾಕ್ಟರು ಮೊದಲು ಓದಿದ್ದು ಆ ಸಾಲನ್ನೇ.

ನೆನಪಿಡಿ

1. ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರಿಗೂ, ಮತ್ತು ಕೊಡುವ ಡಾಕ್ಟರಿಗೂ ಹೇಳಿ.
2. ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನೀವಾಗಿಯೇ ಹೆಚ್ಚಿಸಬೇಡಿ.
3. ಆಪರೇಷನ್ ಮುಂದಕ್ಕೆ ಹೋದರೆ ಬೇಸರ ಬೇಡ. ಕೀವು ತುಂಬಿದ ಹುಣ್ಣಿಗೆ ಮಾತ್ರ ತಡ ಬೇಡ.
4. ಬೆವರು, ನಡುಕ ಬಂದರೆ ಸುಮ್ಮನಿರಬೇಡಿ.
5. ಗಾಯವನ್ನು ದಿನಾ ನೋಡಿ.

ಅಭ್ಯಾಸ

ಬಿಟ್ಟ ಜಾಗ ತುಂಬಿರಿ:

1. ಆಪರೇಷನ್ ಹೊತ್ತಿನಲ್ಲಿ ರಕ್ತದ ಸಕ್ಕರೆ 100ರಿಂದ ______ರ ಒಳಗೆ ಇರಬೇಕು.
2. ಮೂರು ತಿಂಗಳ ಶುಗರ್ ಪರೀಕ್ಷೆಯ ಹೆಸರು ______.
3. ಸಕ್ಕರೆ ಇಳಿದಾಗ ಅರ್ಧ ಲೋಟ ನೀರಿಗೆ ______ ಚಮಚ ಸಕ್ಕರೆ ಹಾಕಬೇಕು.

ಲೆಕ್ಕ ಮಾಡಿ:

1. ರಾತ್ರಿ 10 ಗಂಟೆಗೆ ಊಟ ಮುಗಿಯಿತು. ಆಪರೇಷನ್ ಬೆಳಿಗ್ಗೆ 8 ಗಂಟೆಗೆ. ಉಪವಾಸ ಎಷ್ಟು ಗಂಟೆ?
2. ಅದೇ ಆಪರೇಷನ್ ಮಧ್ಯಾಹ್ನ 1 ಗಂಟೆಗೆ ಆದರೆ ಉಪವಾಸ ಎಷ್ಟು ಗಂಟೆ? ಸಕ್ಕರೆ ಕಾಯಿಲೆ ಇದ್ದವರಿಗೆ ಯಾವುದು ಒಳ್ಳೆಯದು?
3. ಸೋಮವಾರ ಆಪರೇಷನ್. ಗುಳಿಗೆಯನ್ನು 3 ದಿನ ಮೊದಲೇ ನಿಲ್ಲಿಸಿ ಎಂದರು. ಕೊನೆಯ ಗುಳಿಗೆ ನುಂಗಬೇಕಾದ್ದು ಗುರುವಾರ. ಯಾವ ಮೂರು ದಿನ ಗುಳಿಗೆ ಇಲ್ಲ?

ಕೂಡಿ ಮಾತಾಡಿ:

1. ಆಸ್ಪತ್ರೆಯಲ್ಲಿ ಕಾಯಿಲೆ ಮುಚ್ಚಿಡುವವರು ಏಕೆ ಹಾಗೆ ಮಾಡುತ್ತಾರೆ? ಅವರಿಗೆ ಹೇಗೆ ತಿಳಿಸಿ ಹೇಳುವಿರಿ?
2. ನಿಮ್ಮ ಊರಿನಲ್ಲಿ ಗಾಯಕ್ಕೆ ಏನೇನು ಹಚ್ಚುತ್ತಾರೆ? ಅದರಿಂದ ಏನಾಗಿದೆ?

ಬರೆಯಿರಿ:

ನಿಮ್ಮ ಮನೆಯಲ್ಲಿ ದಿನಾ ಗುಳಿಗೆ ನುಂಗುವವರು ಯಾರು? ಅವರ ಚೀಟಿಯನ್ನು ನೀವೇ ಬರೆಯಿರಿ. ಅವರ ಕೈಯಲ್ಲಿ ಕೊಡಿ. ಒಂದು ಪ್ರತಿಯನ್ನು ರೇಷನ್ ಕಾರ್ಡಿನ ಜೊತೆ ಇಡಿ. ಗುಳಿಗೆ ಬದಲಾದಾಗ ಚೀಟಿಯನ್ನೂ ಬದಲಾಯಿಸಿ.